ತಲೆಯೆತ್ತಿ ನಿಲ್ಲಲು ಕಲಿಸಿದ ಕುದ್ಮುಲ್ ರಂಗರಾಯರು

ಬೆಳಗ್ಗೆ ಟೀಚರ್ ಹಾಜರಿ ಕರೆಯುವಾಗ ನಿಮ್ಮ ಹೆಸರು ಬಂದ ಕೂಡಲೇ ಎದ್ದು ನಿಂತು ಉತ್ತರ ಕೊಡುತ್ತೀರಿ. ಮಧ್ಯಾಹ್ನ ಗಂಟೆ ಬಾರಿಸಿದರೆ ಕೈ ತೊಳೆದು ಎಲ್ಲರೊಂದಿಗೆ ಸಾಲಾಗಿ ಕುಳಿತು ಊಟ ಮಾಡುತ್ತೀರಿ. ಪಕ್ಕದಲ್ಲಿ ಕುಳಿತ ಗೆಳೆಯನ ಜಾತಿ ಯಾವುದೆಂದು ಯಾರೂ ವಿಚಾರಿಸುವುದಿಲ್ಲ. ಇದರಲ್ಲೇನು ವಿಶೇಷ ಎಂದು ನಿಮಗೆ ಅನಿಸಬಹುದು. ಆದರೆ ಸುಮಾರು ನೂರಮೂವತ್ತು ವರ್ಷಗಳ ಹಿಂದೆ ನಮ್ಮ ನಾಡಿನ ಸಾವಿರಾರು ಮಕ್ಕಳ ಹೆಸರು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಇರಲಿಲ್ಲ. ಆ ಹೆಸರುಗಳನ್ನು ಪುಸ್ತಕದಲ್ಲಿ ಬರೆಯಿಸಲು ಕಾಸರಗೋಡಿನಲ್ಲಿ ಹುಟ್ಟಿದ ಒಬ್ಬರು ತಮ್ಮ ಇಡೀ ಬದುಕನ್ನೇ ಸವೆಸಿದರು. ಅವರೇ ಕುದ್ಮುಲ್ ರಂಗರಾಯರು.

ರಂಗರಾಯರು 1859ರ ಜೂನ್ 29ರಂದು ಜನಿಸಿದರು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಅವರದು ಸಾರಸ್ವತ ಬ್ರಾಹ್ಮಣ ಕುಟುಂಬ. ಆಗ ಕಾಸರಗೋಡು ಒಂದು ಜಿಲ್ಲೆಯಾಗಿರಲಿಲ್ಲ. ಅದು ಮದ್ರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಜಿಲ್ಲೆಯ ಕೇಂದ್ರ ಮಂಗಳೂರು. ಹೆಚ್ಚಿನ ಓದಿಗೂ ಉದ್ಯೋಗಕ್ಕೂ ಜನರು ಅಲ್ಲಿಗೇ ಹೋಗುತ್ತಿದ್ದರು.

ರಂಗರಾಯರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಯ ಭಾರ ಅವರ ಹೆಗಲಿಗೆ ಬಿತ್ತು. ಕೆಲಸ ಹುಡುಕಿಕೊಂಡು ಅವರು ಮಂಗಳೂರಿಗೆ ಹೊರಟರು. ಇಂದು ರೈಲು ಹತ್ತಿದರೆ ಕಾಸರಗೋಡಿನಿಂದ ಮಂಗಳೂರಿಗೆ ಒಂದು ಗಂಟೆಯ ಹಾದಿ. ಆದರೆ ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮೊದಲು ಮೊಗ್ರಾಲ್, ಶಿರಿಯ, ಉಪ್ಪಳ ಹೊಳೆಗಳನ್ನೂ ಕೊನೆಗೆ ನೇತ್ರಾವತಿಯನ್ನೂ ದಾಟಿಯೇ ಆ ಊರನ್ನು ಸೇರಬೇಕಾಗಿತ್ತು. ಮಂಗಳೂರಿನಲ್ಲಿ ಅವರಿಗೆ ತಿಂಗಳಿಗೆ ಎಂಟು ರೂಪಾಯಿ ಸಂಬಳದ ಶಿಕ್ಷಕನ ಕೆಲಸ ದೊರೆಯಿತು. ಹಗಲು ಮಕ್ಕಳಿಗೆ ಪಾಠ ಹೇಳುತ್ತಾ, ಬಿಡುವಿನಲ್ಲಿ ತಾವೂ ಓದುತ್ತಾ ಅವರು ಮೆಟ್ರಿಕ್ಯುಲೇಶನ್ ಮುಗಿಸಿದರು. ಮುಂದೆ ಪ್ಲೀಡರ್ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿ ವಕೀಲರಾದರು. ಬಡವರ ಪರವಾಗಿ ವಾದಿಸುವ ವಕೀಲರೆಂದು ಅವರಿಗೆ ಹೆಸರು ಬಂತು.

ನ್ಯಾಯಾಲಯಕ್ಕೆ ಬರುವವರು ಯಾರು? ತನಗೆ ಅನ್ಯಾಯವಾಗಿದೆ, ಅದನ್ನು ಹೇಳಿಕೊಳ್ಳುವ ಹಕ್ಕು ತನಗಿದೆ ಎಂದು ತಿಳಿದವರು. ಆದರೆ ಅತ್ಯಂತ ಹೆಚ್ಚು ಅನ್ಯಾಯಕ್ಕೆ ಒಳಗಾದವರು ಅಂದು ಆ ಮೆಟ್ಟಿಲು ಹತ್ತುವುದೇ ಅಪರೂಪವಾಗಿತ್ತು. ಅವರು ಯಾರೆಂದು ಸ್ವಲ್ಪ ತಿಳಿದುಕೊಳ್ಳೋಣ.

ಆ ಕಾಲದಲ್ಲಿ ಕೆಲವು ಜಾತಿಯವರನ್ನು ಮುಟ್ಟಬಾರದವರೆಂದು ದೂರ ಇಡಲಾಗಿತ್ತು. ಸರಕಾರಿ ಕಾಗದಗಳಲ್ಲಿ ಅವರನ್ನು ಪಂಚಮರು ಎಂದು ಬರೆಯುತ್ತಿದ್ದರು. ನಾವು ಇಂದು ದಲಿತರು ಎನ್ನುತ್ತೇವೆ. ಬೆಳಗಿನಿಂದ ಸಂಜೆಯವರೆಗೆ ಗದ್ದೆಯಲ್ಲಿ ದುಡಿಯುವವರು ಅವರು. ಅವರು ಬೆಳೆಸಿದ ಅಕ್ಕಿ ಎಲ್ಲರ ಮನೆಗೂ ಬೇಕಾಗಿತ್ತು. ಆದರೆ ಅವರು ಮನೆಯ ಜಗಲಿ ಹತ್ತುವಂತಿರಲಿಲ್ಲ, ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಅಂಗಳದಾಚೆ ನಿಂತು, ಬಗ್ಗಿ ಮಾತನಾಡಬೇಕಾಗಿತ್ತು. ಗಂಜಿಯನ್ನೋ ನೀರನ್ನೋ ತೆಂಗಿನ ಗೆರಟೆಯಲ್ಲಿ ದೂರದಿಂದ ಕೊಡುವುದು ರೂಢಿ. ಹೆಸರಿಡುವಾಗಲೂ ಹೆಚ್ಚು ಯೋಚಿಸುತ್ತಿರಲಿಲ್ಲ. ತುಳುನಾಡಿನಲ್ಲಿ ಆದಿತ್ಯವಾರ ಹುಟ್ಟಿದವನು ಐತ, ಮಂಗಳವಾರ ಹುಟ್ಟಿದವನು ಅಂಗಾರ, ಶುಕ್ರವಾರ ಹುಟ್ಟಿದವನು ತುಕ್ರ. ಈ ಹೆಸರುಗಳಲ್ಲಿ ಕೆಟ್ಟದ್ದೇನೂ ಇಲ್ಲ. ಅವು ವಾರಗಳ ಹೆಸರುಗಳೇ. ಆದರೆ ಆ ಹೆಸರನ್ನು ಕೂಗುವ ದನಿಯಲ್ಲಿ ಮರ್ಯಾದೆ ಇರುತ್ತಿರಲಿಲ್ಲ.

ಹುಟ್ಟಿದ ದಿನದಿಂದ ಒಂದು ಮಗುವಿಗೆ ನೀನು ಕೀಳು, ನೀನು ಕೀಳು ಎಂದು ಎಲ್ಲರೂ ತೋರಿಸುತ್ತಾ ಬಂದರೆ ಏನಾಗುತ್ತದೆ? ಆ ಮಗು ಅದನ್ನೇ ನಂಬಿಬಿಡುತ್ತದೆ. ಇದನ್ನು ಕೀಳರಿಮೆ ಎನ್ನುತ್ತಾರೆ. ಕೀಳರಿಮೆ ಇರುವವನು ಕೂಲಿ ಕಡಿಮೆ ಕೊಟ್ಟರೂ ಕೇಳುವುದಿಲ್ಲ. ರಸ್ತೆಯ ಮಧ್ಯದಲ್ಲಿ ನಡೆಯಲು ಹೆದರುತ್ತಾನೆ. ಊರಿನ ವಿಚಾರದಲ್ಲಿ ತನ್ನ ಅಭಿಪ್ರಾಯವನ್ನೂ ಕೇಳಬೇಕು ಎಂಬ ಯೋಚನೆಯೇ ಅವನಿಗೆ ಬರುವುದಿಲ್ಲ. ಇದು ಅವರ ತಪ್ಪಲ್ಲ. ಕೇಳಿದರೆ ಕೆಲಸ ಹೋಗುತ್ತಿತ್ತು, ಗುಡಿಸಲು ಬಿಟ್ಟು ಹೋಗಬೇಕಾಗುತ್ತಿತ್ತು, ಪೆಟ್ಟೂ ಬೀಳುತ್ತಿತ್ತು. ಹೊಟ್ಟೆಯ ಹಸಿವು, ಧಣಿಯ ಹೆದರಿಕೆ, ಮನಸ್ಸಿನೊಳಗಿನ ಅಳುಕು ಈ ಮೂರೂ ಸೇರಿ ಅವರ ಬಾಯಿ ಕಟ್ಟಿದ್ದವು.

ರಂಗರಾಯರು ಇದನ್ನು ಕಣ್ಣಾರೆ ಕಂಡರು. ಜಾತಿಭೇದವನ್ನು ಒಪ್ಪದ ಬ್ರಹ್ಮಸಮಾಜದ ವಿಚಾರಗಳು ಅವರ ಮನಸ್ಸನ್ನು ಸೆಳೆದವು. ಕರುಣೆಯಿಂದ ನಾಲ್ಕು ಕಾಸು ಕೊಟ್ಟು ಕಳುಹಿಸಿದರೆ ಬಗ್ಗಿದ ತಲೆ ಬಗ್ಗಿಯೇ ಇರುತ್ತದೆ ಎಂಬುದು ಅವರಿಗೆ ತಿಳಿಯಿತು. ಮೊದಲು ಮಕ್ಕಳು ಶಾಲೆಯಲ್ಲಿ ಕುಳಿತುಕೊಳ್ಳಬೇಕು ಎಂದು ಅವರು ನಿರ್ಧರಿಸಿದರು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಶಾಲೆ ತೆರೆಯುವುದು ಸುಲಭ, ಮಕ್ಕಳನ್ನು ಕರೆತರುವುದು ಕಷ್ಟ. ಮನೆಯಲ್ಲಿ ಎಲ್ಲರೂ ದುಡಿದರೆ ಮಾತ್ರ ಗಂಜಿ ಎಂಬ ಸ್ಥಿತಿ. ದನ ಮೇಯಿಸುವ ಹುಡುಗನನ್ನು ಶಾಲೆಗೆ ಕಳುಹಿಸಿದರೆ ಆ ದಿನದ ಊಟಕ್ಕೇ ಕುತ್ತು. ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿತ್ತು. ಅಕ್ಷರ ನಮ್ಮಂಥವರಿಗೆ ಹೇಳಿದ್ದಲ್ಲ, ಕಲಿತರೆ ಕೇಡಾಗುತ್ತದೆ ಎಂದು ತಂದೆತಾಯಿಗಳೇ ಅಂಜುತ್ತಿದ್ದರು. ರಂಗರಾಯರು ಕೇರಿಗಳಿಗೆ ನಡೆದುಹೋದರು. ಗುಡಿಸಲುಗಳ ಮುಂದೆ ನಿಂತು ಹಿರಿಯರನ್ನು ಒಲಿಸಿದರು. ಶಾಲೆಯಲ್ಲಿ ಮಧ್ಯಾಹ್ನದ ಊಟ ಏರ್ಪಡಿಸಿದರು. ಮಗುವಿನ ದುಡಿಮೆ ತಪ್ಪಿದ್ದಕ್ಕಾಗಿ ಸ್ವಲ್ಪ ಹಣವನ್ನೂ ಕೊಟ್ಟರು. ಶಾಲೆಯಲ್ಲಿ ಮಧ್ಯಾಹ್ನದ ಊಟ ಎಂಬುದು ದೇಶದಲ್ಲೆಲ್ಲ ಬರುವುದಕ್ಕೆ ಎಷ್ಟೋ ವರ್ಷಗಳ ಹಿಂದಿನ ಮಾತಿದು.

ಪಾಠ ಹೇಳುವವರು ಬೇಕಲ್ಲವೇ? ಮೇಲುಜಾತಿಯ ಶಿಕ್ಷಕರು ಆ ಮಕ್ಕಳ ಹತ್ತಿರ ಕುಳಿತುಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಕ್ರೈಸ್ತ ಶಿಕ್ಷಕರು ಮುಂದೆ ಬಂದರು. ಒಂದು ಕಡೆ ಶಾಲೆ ನಡೆಯದಂತೆ ಅಡ್ಡಿಪಡಿಸಿದರೆ ರಂಗರಾಯರು ಇನ್ನೊಂದು ಕಡೆ ಜಾಗ ಹುಡುಕಿದರು.

ಊರಿನ ಅನೇಕರಿಗೆ ಇದು ಸಹನೆಯಾಗಲಿಲ್ಲ. ರಂಗರಾಯರಿಗೆ ಅವರ ಸಮಾಜದವರೇ ಬಹಿಷ್ಕಾರ ಹಾಕಿದರು. ಬಹಿಷ್ಕಾರವೆಂದರೆ ಯಾರೂ ಅವರ ಮನೆಗೆ ಬರುವುದಿಲ್ಲ, ಅವರನ್ನು ಯಾರೂ ಮದುವೆ ಮುಂಜಿಗೆ ಕರೆಯುವುದಿಲ್ಲ, ನಿತ್ಯದ ಕೆಲಸಕ್ಕೆ ಬರುವವರೂ ನಿಂತುಬಿಡುತ್ತಾರೆ. ಅದರ ಕಷ್ಟವನ್ನು ಹೆಚ್ಚು ಅನುಭವಿಸಿದವರು ಅವರ ಪತ್ನಿ ರುಕ್ಮಿಣಿಬಾಯಿ ಮತ್ತು ಮಕ್ಕಳು. ದಾರಿಯಲ್ಲಿ ನಡೆಯುವಾಗ ರಂಗರಾಯರ ಮೇಲೆ ಕಲ್ಲು, ಸೆಗಣಿ ಬಿದ್ದದ್ದೂ ಉಂಟು.

ಕಲ್ಲೆಸೆದವರಿಗೆ ಅವರ ಮೇಲೆ ಇಷ್ಟೊಂದು ಕೋಪ ಏಕೆ? ಬಡವರ ಮಕ್ಕಳು ನಾಲ್ಕಕ್ಷರ ಕಲಿತರೆ ಇವರ ಗದ್ದೆಯಾಗಲಿ ಮನೆಯಾಗಲಿ ಕಳೆದುಹೋಗುತ್ತಿರಲಿಲ್ಲ. ಆದರೆ ಕೆಲವರಿಗೆ ತಮ್ಮ ಹಿರಿಮೆ ಕಾಣಬೇಕಾದರೆ ಎದುರಿಗೆ ಯಾರಾದರೂ ಬಗ್ಗಿ ನಿಂತಿರಬೇಕು. ಅವನು ತಲೆಯೆತ್ತಿದರೆ ತಾವು ಸಣ್ಣವರಾದೆವು ಎಂದು ಅವರಿಗೆ ಅನಿಸುತ್ತದೆ. ಇದು ಮೇಲರಿಮೆ. ಅದು ನೋಡಲು ಗರ್ವದಂತೆ ಕಂಡರೂ ಒಳಗೆ ಒಂದು ಭಯವಿರುತ್ತದೆ. ರಂಗರಾಯರಿಗೆ ಆ ಭಯ ಇರಲಿಲ್ಲ. ತಮ್ಮ ಮರ್ಯಾದೆ ಹುಟ್ಟಿದ ಜಾತಿಯಲ್ಲಿ ಇದೆ ಎಂದು ಅವರು ತಿಳಿದಿರಲಿಲ್ಲ. ಆದುದರಿಂದ ಮೈಮೇಲೆ ಸೆಗಣಿ ಬಿದ್ದರೂ ಅದು ಹೋಯಿತೆಂದು ಅವರಿಗೆ ಅನಿಸಲಿಲ್ಲ. ಮರುದಿನವೂ ಅದೇ ದಾರಿಯಲ್ಲಿ ಶಾಲೆಗೆ ಹೋದರು.

1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ತುಳಿತಕ್ಕೆ ಒಳಗಾದವರ ಸೇವಾಸಂಸ್ಥೆ ಎಂದು ಅದರ ಅರ್ಥ. ಮುಂಬಯಿಯಲ್ಲಿ ವಿಠ್ಠಲ ರಾಮಜಿ ಶಿಂಧೆ ಅವರು ಇದೇ ಹೆಸರಿನ ಸಂಸ್ಥೆಯನ್ನು ಆರಂಭಿಸಿದ್ದು 1906ರಲ್ಲಿ, ಅಂದರೆ ಒಂಬತ್ತು ವರ್ಷಗಳ ಬಳಿಕ. ಮಂಗಳೂರಿನ ಸಂಸ್ಥೆ ಬೆಳೆದಂತೆ ಶಾಲೆಗಳ ಸಂಖ್ಯೆಯೂ ಹೆಚ್ಚಿತು. ದೂರದ ಮಕ್ಕಳಿಗಾಗಿ ವಿದ್ಯಾರ್ಥಿನಿಲಯ ಬಂತು. ಮರಗೆಲಸ, ನೇಯ್ಗೆ, ಹೊಲಿಗೆ ಮೊದಲಾದ ಕಸುಬುಗಳನ್ನು ಕಲಿಸಲಾಯಿತು. ಸ್ವಂತ ಕಸುಬು ಬಲ್ಲವನು ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕಾಗಿಲ್ಲ. ರಂಗರಾಯರು ಸರಕಾರದಿಂದ ಜಮೀನು ಪಡೆದು ದಲಿತ ಕುಟುಂಬಗಳಿಗೆ ಹಂಚುವ ಏರ್ಪಾಡನ್ನೂ ಮಾಡಿದರು. ತನ್ನದೇ ಆದ ಒಂದು ತುಂಡು ನೆಲ, ತನ್ನದೇ ಆದ ಮಾಡು. ಅಲ್ಲಿಂದ ಏಳು ಎನ್ನಲು ಯಾರಿಗೂ ಹಕ್ಕಿಲ್ಲ.

ಇದೇ ಕಾಲದಲ್ಲಿ ದಕ್ಷಿಣದ ತಿರುವಿತಾಂಕೂರಿನಲ್ಲಿ ಏನು ನಡೆಯುತ್ತಿತ್ತು ಎಂಬುದನ್ನೂ ನೆನಪಿಸಿಕೊಳ್ಳಿ. ಮಹಾತ್ಮಾ ಅಯ್ಯಂಕಾಳಿಯವರ ಬಗ್ಗೆ ನೀವು ಕೇಳಿದ್ದೀರಿ. ರಂಗರಾಯರ ಶಾಲೆ ಆರಂಭವಾದ ಮರುವರ್ಷ, 1893ರಲ್ಲಿ, ಅಯ್ಯಂಕಾಳಿಯವರು ವಿಲ್ಲುವಂಡಿ ಎಂಬ ಎತ್ತಿನ ಗಾಡಿಯಲ್ಲಿ ಕುಳಿತು, ತಮ್ಮವರಿಗೆ ನಿಷೇಧವಿದ್ದ ಸಾರ್ವಜನಿಕ ರಸ್ತೆಯಲ್ಲಿ ಸಾಗಿದರು. ಮುಂದೆ ತಮ್ಮ ಜನರ ಮಕ್ಕಳಿಗೆ ಶಾಲೆ ಬೇಕೆಂದು ಹೋರಾಡಿದರು. ಶ್ರೀಮೂಲಂ ಪ್ರಜಾಸಭೆಯ ಸದಸ್ಯರಾಗಿ ರಾಜ್ಯದ ಅಧಿಕಾರಿಗಳ ಎದುರು ನಿಂತು ತಮ್ಮವರ ಬೇಡಿಕೆಗಳನ್ನು ಹೇಳಿದರು. ಇವರಿಬ್ಬರಲ್ಲಿ ಒಂದು ವ್ಯತ್ಯಾಸ ಉಂಟು. ಅಯ್ಯಂಕಾಳಿಯವರು ತುಳಿತವನ್ನು ತಾವೇ ಅನುಭವಿಸಿ ಎದ್ದುನಿಂತವರು. ರಂಗರಾಯರು ಮೇಲಿನಿಂದ ಇಳಿದುಬಂದು ಕೈಚಾಚಿದವರು. ಹೆಚ್ಚು ಕಷ್ಟದ ದಾರಿ ಅಯ್ಯಂಕಾಳಿಯವರದೇ ಎನ್ನಬೇಕು. ಆದರೂ ರಸ್ತೆ, ಶಾಲೆ, ಸಭೆ ಈ ಮೂರನ್ನೂ ಬಿಡದೆ ಹಿಡಿದದ್ದರಲ್ಲಿ ಅವರಿಬ್ಬರೂ ಒಂದೇ.

ಸಭೆ ಎಂದೆವಲ್ಲ, ಆ ವಿಚಾರ ಇಲ್ಲಿ ಮುಖ್ಯ. ಇಂದು ನಮ್ಮಲ್ಲಿ ಗ್ರಾಮ ಪಂಚಾಯತು, ಜಿಲ್ಲಾ ಪಂಚಾಯತುಗಳು ಇರುವಂತೆ ಅಂದು ಜಿಲ್ಲಾ ಬೋರ್ಡು ಮತ್ತು ಪುರಸಭೆಗಳಿದ್ದವು. ರಸ್ತೆ ಎಲ್ಲಿ ಆಗಬೇಕು, ಶಾಲೆ ಎಲ್ಲಿ ತೆರೆಯಬೇಕು ಎಂಬುದನ್ನು ಅಲ್ಲಿ ಕುಳಿತವರು ತೀರ್ಮಾನಿಸುತ್ತಿದ್ದರು. ಕೇರಿಯವರು ಯಾರೂ ಅಲ್ಲಿ ಇಲ್ಲದಿದ್ದರೆ ಕೇರಿಗೆ ಬಾವಿ ಬೇಕೆಂದು ನೆನಪಿಸುವವರು ಯಾರು? ದಲಿತರಿಗೆ ಈ ಸಭೆಗಳಲ್ಲಿ ಸ್ಥಾನ ಕೊಡಬೇಕೆಂದು ರಂಗರಾಯರು ಸರಕಾರವನ್ನು ಒತ್ತಾಯಿಸಿದರು. ಅವರ ಪ್ರಯತ್ನದಿಂದ ದಲಿತ ಸದಸ್ಯರು ಅಲ್ಲಿ ಕುಳಿತುಕೊಳ್ಳುವಂತಾಯಿತು.

ಅವರು ಜನರ ಮತದಿಂದ ಆರಿಸಿ ಬಂದವರಲ್ಲ. ಸರಕಾರ ನೇಮಿಸಿದವರು. ಅಂದು ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ ಮತ ಹಾಕುವ ಹಕ್ಕಿತ್ತು. ಆದರೂ ಇದು ಸಣ್ಣ ಸಂಗತಿಯಲ್ಲ. ಅಂಗಳದಾಚೆ ನಿಲ್ಲಬೇಕಾಗಿದ್ದ ಮನೆಯವನು ಊರಿನ ದೊಡ್ಡವರು ಕುಳಿತುಕೊಳ್ಳುವ ಕೋಣೆಯಲ್ಲಿಯೇ ಕುರ್ಚಿಯಲ್ಲಿ ಕುಳಿತ. ಅದನ್ನು ನೋಡಿದ ಕೇರಿಯ ಮಕ್ಕಳಿಗೆ ಹೇಗೆ ಅನಿಸಿರಬೇಕು! ತಾನೂ ಕೇಳಬಹುದು, ತನ್ನ ಮಾತಿಗೂ ಬೆಲೆಯಿದೆ ಎಂಬ ನಂಬಿಕೆ ಭಾಷಣ ಕೇಳಿದರೆ ಬರುವುದಿಲ್ಲ. ತನ್ನಂತಹ ಒಬ್ಬನನ್ನು ಆ ಸ್ಥಾನದಲ್ಲಿ ಕಂಡಾಗ ಬರುತ್ತದೆ.

ರಂಗರಾಯರು ಇತರರಿಗೆ ಹೇಳಿದ್ದನ್ನು ತಮ್ಮ ಮನೆಯಲ್ಲಿಯೂ ನಡೆಸಿದರು. ಹೆಣ್ಣುಮಕ್ಕಳಿಗೆ ಓದು ಬೇಡ ಎನ್ನುತ್ತಿದ್ದ ಕಾಲದಲ್ಲಿ ಮಗಳು ರಾಧಾಬಾಯಿಯನ್ನು ಕಾಲೇಜಿಗೆ ಕಳುಹಿಸಿದರು. 1912ರಲ್ಲಿ ಬೇರೆ ಜಾತಿಯವರಾದ ಡಾಕ್ಟರ್ ಪಿ. ಸುಬ್ಬರಾಯನ್ ಅವರೊಂದಿಗೆ ಆಕೆಯ ಮದುವೆಯಾಯಿತು. ಸುಬ್ಬರಾಯನ್ ಅವರು 1926ರಲ್ಲಿ ಮದ್ರಾಸು ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲನೆಯ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. ಮತ ಹಾಕುವ ಹಕ್ಕು ಯಾರಿಗೆಲ್ಲ ಇರಬೇಕೆಂದು 1932ರಲ್ಲಿ ಪರಿಶೀಲಿಸಿದ ಸಮಿತಿಯಲ್ಲಿಯೂ ಅವರು ಸದಸ್ಯರಾಗಿದ್ದರು. 1938ರಲ್ಲಿ ದೆಹಲಿಯ ಕೌನ್ಸಿಲ್ ಆಫ್ ಸ್ಟೇಟ್ ಎಂಬ ಮೇಲ್ಮನೆಗೆ ಆರಿಸಿ ಬಂದರು. ಆ ಸಭೆಯ ಮೊದಲ ಮಹಿಳಾ ಸದಸ್ಯೆ ಅವರೇ. ರಂಗರಾಯರ ಮೊಮ್ಮಕ್ಕಳಲ್ಲಿ ಪಿ. ಪಿ. ಕುಮಾರಮಂಗಲಂ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾದರು. ಮೋಹನ್ ಕುಮಾರಮಂಗಲಂ ಕೇಂದ್ರ ಸಚಿವರಾದರು. ಪಾರ್ವತಿ ಕೃಷ್ಣನ್ ಸಂಸತ್ತಿನ ಸದಸ್ಯೆಯಾದರು.

ಬ್ರಿಟಿಷ್ ಸರಕಾರ ರಂಗರಾಯರಿಗೆ ರಾವ್ ಸಾಹೇಬ್ ಎಂಬ ಬಿರುದನ್ನಿತ್ತು ಗೌರವಿಸಿತು. ಅವರಿಗೆ ಬಿರುದಿನ ಮೇಲೆ ಆಸೆ ಇರಲಿಲ್ಲ. ಅವರಿಗಿದ್ದ ಆಸೆಯೇ ಬೇರೆ. ನಿಮ್ಮ ಶಾಲೆಯ ಎದುರಿನ ಮಣ್ಣಿನ ದಾರಿಯಲ್ಲಿ ಬೇಸಿಗೆಯಲ್ಲಿ ವಾಹನ ಹೋದರೆ ಧೂಳು ಏಳುತ್ತದೆ. ಆಗ ನೀವು ಮೂಗು ಮುಚ್ಚಿಕೊಂಡು ಬದಿಗೆ ಸರಿಯುತ್ತೀರಿ. ಮೋಟಾರು ಕಾರು ಎಂಬುದು ದೊಡ್ಡ ಶ್ರೀಮಂತರಲ್ಲಿ ಮಾತ್ರ ಇದ್ದ ಆ ದಿನಗಳಲ್ಲಿ ರಂಗರಾಯರು ಬೇರೆಯೇ ಒಂದು ಕನಸು ಕಂಡಿದ್ದರು. ತನ್ನ ಶಾಲೆಯಲ್ಲಿ ಕಲಿತ ದಲಿತ ಮಗು ದೊಡ್ಡವನಾಗಿ, ಸಾರ್ವಜನಿಕ ಜೀವನದಲ್ಲಿ ಸ್ಥಾನ ಪಡೆದು, ಊರಿನ ರಸ್ತೆಯಲ್ಲಿ ತನ್ನ ಕಾರಿನಲ್ಲಿ ಹೋಗಬೇಕು. ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಯ ಮೇಲೆ ಬೀಳಬೇಕು. ಆಗ ತನ್ನ ಬದುಕು ಸಾರ್ಥಕ ಎಂದು ಅವರು ಹೇಳುತ್ತಿದ್ದರು. ಹಿಂದೆ ಅದೇ ರಸ್ತೆಯಲ್ಲಿ ಆ ಮಗುವಿನ ಅಜ್ಜ ಬದಿಗೆ ಸರಿದು ನಿಂತಿದ್ದ ಎಂಬುದನ್ನು ನೆನೆದರೆ ಈ ಆಸೆಯ ಅರ್ಥ ತಿಳಿಯುತ್ತದೆ.

ವಯಸ್ಸಾಗಿ ಆರೋಗ್ಯ ಕುಂದಿದಾಗ ರಂಗರಾಯರು ಸಂಸ್ಥೆಯ ಹೊಣೆಯನ್ನು ಇತರರಿಗೆ ಒಪ್ಪಿಸಿದರು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರೆನಿಸಿದರು. 1928ರ ಜನವರಿ 30ರಂದು ಅವರು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನಡೆಸಬೇಕೆಂದು ಅವರು ಮೊದಲೇ ತಿಳಿಸಿದ್ದರು. ಹಾಗೆಯೇ ನಡೆಯಿತು.

ಗಾಂಧೀಜಿಯವರು 1934ರ ಫೆಬ್ರವರಿಯಲ್ಲಿ ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಾ ಮಂಗಳೂರಿಗೆ ಬಂದಾಗ ರಂಗರಾಯರು ಕಟ್ಟಿದ ಸಂಸ್ಥೆಗೂ ಭೇಟಿಕೊಟ್ಟರು. ಅದನ್ನು ಕಟ್ಟಿದವರು ತೀರಿಕೊಂಡು ಆಗಲೇ ಆರು ವರ್ಷಗಳಾಗಿದ್ದವು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1951ರ ಕೊನೆಯಿಂದ 1952ರವರೆಗೆ ಮೊದಲ ಮಹಾಚುನಾವಣೆ ನಡೆಯಿತು. ಇಪ್ಪತ್ತೊಂದು ವರ್ಷ ತುಂಬಿದ ಎಲ್ಲರೂ, ಆಸ್ತಿ ಇರಲಿ ಇಲ್ಲದಿರಲಿ, ಮತ ಹಾಕುವ ಹಕ್ಕು ಪಡೆದರು. ಐತ, ಅಂಗಾರ, ತುಕ್ರ ಎಂಬ ಹೆಸರುಗಳು ಧಣಿಗಳ ಹೆಸರಿನ ಜೊತೆಯಲ್ಲಿಯೇ ಒಂದೇ ಮತದಾರರ ಪಟ್ಟಿಯಲ್ಲಿ ಬಂದವು. ಎಲ್ಲರಿಗೂ ಒಂದೊಂದೇ ಮತ.

ಮಂಗಳೂರಿನ ಪುರಭವನಕ್ಕೆ ಈಗ ಕುದ್ಮುಲ್ ರಂಗರಾವ್ ಪುರಭವನವೆಂದು ಹೆಸರು. ಊರಿನ ದೊಡ್ಡ ಸಭೆಗಳು ನಡೆಯುವ ಕಟ್ಟಡವದು. ಅವರ ಸಮಾಧಿ ಅತ್ತಾವರದ ಬಾಬುಗುಡ್ಡೆಯಲ್ಲಿದೆ. ಕಾರಿನ ಧೂಳಿನ ಆ ಆಸೆಯನ್ನು ಅಲ್ಲಿ ಕೆತ್ತಿಸಿದ್ದಾರೆ. ಕಾಸರಗೋಡಿನಿಂದ ರೈಲಿನಲ್ಲಿ ಹೋಗಿ ಮಂಗಳೂರು ಸೆಂಟ್ರಲ್ ನಿಲ್ದಾಣದಲ್ಲಿ ಇಳಿದರೆ ಎರಡೂ ಹತ್ತಿರವೇ.